ಕೀಮೋ ಮುಗಿಯಿತು, ಸುಸ್ತು ಮುಗಿಯಲಿಲ್ಲ: ಮುಂಬಯಿ, ಪುಣೆ ಕನ್ನಡಿಗರ ಪ್ರಶ್ನೆಗಳಿಗೆ ಫಿಸಿಯೋಥೆರಪಿಸ್ಟ್ ಉತ್ತರ

ಈ ವಾರ ನಮ್ಮ ಗುಂಪಿನಲ್ಲಿ ಉತ್ತರ ಕೊಡುತ್ತಿರುವವರು ಮುಂಬಯಿಯಲ್ಲಿ ಕ್ಯಾನ್ಸರ್ ರೋಗಿಗಳ ಜೊತೆಯಲ್ಲೇ ಕೆಲಸ ಮಾಡುವ ಫಿಸಿಯೋಥೆರಪಿಸ್ಟ್ ಮೇಡಂ. ಕೇಳಿದವರ ಹೆಸರು ಹಾಕಿಲ್ಲ, ಊರು ಮಾತ್ರ ಇದೆ.

ಪ್ರಶ್ನೆ, ಡೊಂಬಿವಲಿಯಿಂದ:
ನಮಸ್ಕಾರ ಮೇಡಂ. ನನಗೆ 46 ವರ್ಷ. ಬಲಗಡೆ ಸ್ತನದಲ್ಲಿ ಗಂಟು ಅಂತ ಆಪರೇಷನ್ ಆಯಿತು, ಆಮೇಲೆ ಕೀಮೋ, ಆಮೇಲೆ ರೇಡಿಯೇಷನ್. ಕೀಮೋದಲ್ಲಿ ಮೊದಲು ಆ ಕೆಂಪು ಔಷಧಿ, ನಂತರ ವಾರವಾರ ಬೇರೆಯದು. ಎಲ್ಲ ಮುಗಿದು ಎರಡು ತಿಂಗಳ ಮೇಲಾಯಿತು, ರಿಪೋರ್ಟ್ ಚೆನ್ನಾಗಿದೆ ಅಂದಿದ್ದಾರೆ. ಆದರೆ ಬೆಳಿಗ್ಗೆ ಎದ್ದಾಗಲೇ ಸುಸ್ತು. ತಲೆ ಬಾಚಿಕೊಂಡು, ಚಹಾ ಮಾಡಿ, ಮಗನ ಡಬ್ಬಿ ಕಟ್ಟುವಷ್ಟರಲ್ಲಿ ಕೈಕಾಲು ಸೋತುಹೋಗುತ್ತದೆ. ಹೋದ ವಾರ ಒಂದು ದಿನ ಮೈ ಹಗುರ ಅನ್ನಿಸಿತು ಅಂತ ಅಡುಗೆಮನೆಯ ಡಬ್ಬಿ ಎಲ್ಲ ಇಳಿಸಿ ತೊಳೆದೆ, ಆಮೇಲೆ ಎರಡು ದಿನ ಹಾಸಿಗೆ ಬಿಟ್ಟು ಏಳಲಾಗಲಿಲ್ಲ. ಅತ್ತೆ ಏನೂ ಮುಟ್ಟಬೇಡ ಮಲಗು ಅಂತಾರೆ. ಯಜಮಾನರು ಎಲ್ಲ ಮುಗಿಯಿತಲ್ಲ, ಇನ್ನೂ ಯಾಕೆ ಮಲಗಿದೀಯ ಅಂತಾರೆ, ಬೈಯುವುದಲ್ಲ, ಅವರಿಗೆ ನಿಜವಾಗಿ ಅರ್ಥ ಆಗುತ್ತಿಲ್ಲ. ನಮ್ಮದು ಮೂರನೇ ಮಹಡಿ, ಲಿಫ್ಟ್ ಇಲ್ಲ. ನಾನು ಯಾರ ಮಾತು ಕೇಳಲಿ?

ಉತ್ತರ:
ಅಕ್ಕ, ನಮಸ್ಕಾರ. ನಿಮ್ಮ ಪ್ರಶ್ನೆಯನ್ನು ಯಜಮಾನರಿಗೂ ಅತ್ತೆಗೂ ಓದಿ ಹೇಳಿ, ಉತ್ತರವನ್ನೂ ಓದಿ ಹೇಳಿ. ಚಿಕಿತ್ಸೆ ಮುಗಿಸಿದವರು ಅತಿ ಹೆಚ್ಚು ಹೇಳಿಕೊಳ್ಳುವ ತೊಂದರೆಯೇ ಈ ಸುಸ್ತು. ಬೇರೆ ದಿನಗಳ ದಣಿವು ಒಂದು ರಾತ್ರಿ ನಿದ್ದೆ ಮಾಡಿದರೆ ಹೋಗುತ್ತದೆ. ಇದು ಹಾಗೆ ಹೋಗುವುದಿಲ್ಲ, ತಿಂಗಳುಗಟ್ಟಲೆ ಇರುತ್ತದೆ, ಕೆಲವರಿಗೆ ವರ್ಷ ದಾಟಿದ್ದೂ ಇದೆ. ಎರಡು ತಿಂಗಳಿಗೆ ನೀವು ಹೀಗಿದ್ದೀರಿ ಅಂದರೆ ಗಾಬರಿ ಬೀಳುವಂಥದ್ದು ಏನೂ ಅಲ್ಲ.

ಆದರೂ "ಕೀಮೋ ಸುಸ್ತು ಇರಬೇಕು ಬಿಡಿ" ಅಂತ ಸುಮ್ನೆ ಕೂರಬೇಡಿ. ಮುಂದಿನ ಸಲ ಡಾಕ್ಟರ ಹತ್ತಿರ ಹೋದಾಗ ಹಿಮೋಗ್ಲೋಬಿನ್, ಥೈರಾಯ್ಡ್, ಬಿ12, ವಿಟಮಿನ್ ಡಿ, ಸಕ್ಕರೆ ಇವನ್ನು ನೋಡಿಸಬೇಕಾ ಅಂತ ಕೇಳಿ. ಇವುಗಳಲ್ಲಿ ಯಾವುದು ಏರುಪೇರಾಗಿದ್ದರೂ ಸುಸ್ತು ಜಾಸ್ತಿ ಆಗುತ್ತದೆ, ಮತ್ತು ಇವುಗಳಿಗೆ ಔಷಧಿ ಇದೆ. ನೀವು ಕೆಂಪು ಔಷಧಿ ಅಂದಿರಲ್ಲ, ಅದು ಡಾಕ್ಸೊರುಬಿಸಿನ್ ಇಲ್ಲವೇ ಎಪಿರುಬಿಸಿನ್ ಇರಬೇಕು. ಅದು ಕೆಲವರ ಹೃದಯದ ಮೇಲೆ ಪರಿಣಾಮ ಮಾಡುತ್ತದೆ. ಮಲಗಿದರೆ ಉಸಿರು ಕಟ್ಟಿದ ಹಾಗಾಗುವುದು, ಎರಡೂ ಕಾಲು ಊದಿಕೊಳ್ಳುವುದು, ಎದೆ ಡವಡವ ಹೊಡೆದುಕೊಳ್ಳುವುದು ಇದ್ದರೆ ನನ್ನ ವ್ಯಾಯಾಮ ಎಲ್ಲ ಆಮೇಲೆ, ಮೊದಲು ಡಾಕ್ಟರು, ಎಕೋ ಅಂದರೆ ಹೃದಯದ ಸ್ಕ್ಯಾನ್. ಒಂದೇ ಕಾಲಿನ ಮೀನಖಂಡ ಊದಿ ನೋಯುತ್ತಿದ್ದರೆ ಅದೇ ದಿನ ತೋರಿಸಿ, ರಕ್ತ ಹೆಪ್ಪುಗಟ್ಟಿರಬಹುದು.

ಇದ್ಯಾವುದೂ ಇಲ್ಲ ಅಂತಾದರೆ ಕೇಳಿ. ಅತ್ತೆ ಹೇಳಿದ ಹಾಗೆ ಮಲಗಿಯೇ ಇದ್ದರೆ ಸ್ನಾಯು ಇನ್ನೂ ಕರಗುತ್ತದೆ, ಆಗ ಸಣ್ಣ ಕೆಲಸಕ್ಕೂ ಏದುಸಿರು ಬರುತ್ತದೆ. ಯಜಮಾನರು ಅಂದ ಹಾಗೆ ಮೊದಲಿನಂತೆಯೇ ಶುರು ಮಾಡಿದರೆ ಡಬ್ಬಿ ತೊಳೆದ ದಿನದ ಗತಿಯೇ ಆಗುತ್ತದೆ. ನಾನು ಬರುವವರಿಗೆಲ್ಲ ಹೇಳುವುದು ಒಂದೇ: ಒಳ್ಳೆಯ ದಿನ ಅಂತ ಜಾಸ್ತಿ ಮಾಡಬೇಡಿ, ಕೆಟ್ಟ ದಿನ ಅಂತ ಪೂರ್ತಿ ಬಿಡಬೇಡಿ. ಕೇಳಲು ಸುಲಭ, ಮಾಡಲು ಬಹಳ ಕಷ್ಟ, ಅದರಲ್ಲೂ ಮನೆಯ ಹೆಂಗಸರಿಗೆ, ಯಾಕೆಂದರೆ ಒಳ್ಳೆಯ ದಿನ ಬಂತು ಅಂದರೆ ಬಾಕಿ ಬಿದ್ದ ಕೆಲಸವೆಲ್ಲ ಕಣ್ಣ ಮುಂದೆ ನಿಲ್ಲುತ್ತದೆ.

ಈ ವಾರ ಒಂದು ಹಳೆಯ ನೋಟ್‌ಬುಕ್ಕಿನಲ್ಲಿ ಬರೆದಿಡಿ: ಯಾವ ಹೊತ್ತಿಗೆ ಮೈ ಹಗುರ, ಯಾವ ಹೊತ್ತಿಗೆ ಸೋಲು. ಬಹಳ ಜನರಿಗೆ ಬೆಳಿಗ್ಗೆ ಹತ್ತರಿಂದ ಹನ್ನೆರಡು ಚೆನ್ನಾಗಿರುತ್ತದೆ, ನಿಮಗೆ ಬೇರೆ ಇರಬಹುದು. ಆ ಹೊತ್ತನ್ನು ನಡಿಗೆಗೆ ಇಡಿ, ಪಾತ್ರೆಗೆ ಅಲ್ಲ. ಮನೆಯ ಹೊರಗಿನ ಪ್ಯಾಸೇಜಿನಲ್ಲೇ ಸಾಕು. ಐದು ನಿಮಿಷ ನಡೆಯಿರಿ, ದಿನಕ್ಕೆ ಎರಡು ಮೂರು ಸಲ. ನಡೆಯುತ್ತಾ ಮಾತಾಡಲು ಆಗಬೇಕು, ಹಾಡು ಹೇಳಲು ಆಗಬಾರದು, ಅಷ್ಟೇ ವೇಗ. ಮಾರನೆಯ ದಿನ ಎದ್ದಾಗ ಹಿಂದಿನ ದಿನಕ್ಕಿಂತ ಸುಸ್ತು ಹೆಚ್ಚಿಲ್ಲ ಅಂದರೆ ಅಳತೆ ಸರಿಯಾಗಿದೆ. ವಾರಕ್ಕೆ ಎರಡು ಮೂರು ನಿಮಿಷ ಸೇರಿಸಿ. ಹೆಚ್ಚಾಯಿತು ಅನ್ನಿಸಿದರೆ ಹಿಂದಿನ ವಾರದ ಅಳತೆಗೆ ಹೋಗಿ, ಸೊನ್ನೆಗೆ ಹೋಗಬೇಡಿ. ಕೊನೆಗೆ ಮುಟ್ಟಬೇಕಾದದ್ದು ವಾರಕ್ಕೆ ಮೂರು ದಿನ, ದಿನಕ್ಕೆ ಅರ್ಧ ಗಂಟೆ ನಡಿಗೆ, ಜೊತೆಗೆ ಎರಡು ದಿನ ಸ್ನಾಯುವಿನ ವ್ಯಾಯಾಮ. ಸುಸ್ತು ಕಡಿಮೆ ಮಾಡುವುದರಲ್ಲಿ ವ್ಯಾಯಾಮದ ಬಗ್ಗೆ ಇರುವಷ್ಟು ಗಟ್ಟಿ ಆಧಾರ ಯಾವ ಟಾನಿಕ್ಕಿಗೂ ಇಲ್ಲ. ಆದರೆ ಒಂದು ವಾರದಲ್ಲಿ ಗೊತ್ತಾಗುವುದಿಲ್ಲ, ಎರಡು ಮೂರು ತಿಂಗಳು ಬೇಕು.

ಸ್ನಾಯುವಿಗೆ ಸದ್ಯ ಒಂದೇ ಸಾಕು. ಗೋಡೆಗೆ ಒರಗಿಸಿದ ಗಟ್ಟಿ ಕುರ್ಚಿಯಲ್ಲಿ ಕೂತು ಕೈ ಊರದೆ ಏಳಿ, ನಿಧಾನ ಕೂರಿ. ಐದು ಸಲ. ಆಗದಿದ್ದರೆ ಕೈ ಊರಿಯೇ ಏಳಿ. ಮೂರು ಮಹಡಿ ಹತ್ತುವ ಶಕ್ತಿ ಬರುವುದು ಇದರಿಂದಲೇ. ದಿನಕ್ಕೊಮ್ಮೆ ಕೆಳಗೆ ಇಳಿಯಿರಿ, ಹತ್ತುವಾಗ ಪ್ರತಿ ಮಹಡಿಯ ತಿರುವಿನಲ್ಲಿ ನಿಂತು ಉಸಿರು ಸಮ ಆದ ಮೇಲೆ ಮುಂದೆ. ತರಕಾರಿ ಹೆಚ್ಚುವುದು, ಚಪಾತಿ ಲಟ್ಟಿಸುವುದು ಕೂತುಕೊಂಡು. ಬೆಳಗಿನ ನೀರು ತುಂಬುವುದು, ಕೊಡ ಎತ್ತುವುದು ಈಗ ಮನೆಯ ಬೇರೆಯವರ ಕೆಲಸ, ಇದನ್ನು ನಾನೇ ಹೇಳಿದೆ ಅಂತ ಹೇಳಿ. ಮಧ್ಯಾಹ್ನ ಮಲಗಬಹುದು, ಅರ್ಧ ಗಂಟೆ, ಮೂರು ಗಂಟೆಯ ಒಳಗೆ ಎದ್ದುಬಿಡಿ. ಇಲ್ಲದಿದ್ದರೆ ರಾತ್ರಿ ನಿದ್ದೆ ಕೆಡುತ್ತದೆ.

ಡೊಂಬಿವಲಿ ಅಕ್ಕ:
ಓದಿ ಹೇಳಿದೆ ಮೇಡಂ, ಅತ್ತೆ ಅರ್ಧ ಒಪ್ಪಿದರು. ಇನ್ನೊಂದು. ಬಲ ಕಂಕುಳಿನ ಗಂಟು ತೆಗೆದಿದ್ದಾರೆ. ಆ ಕೈಯಲ್ಲಿ ಜೀವನಪೂರ್ತಿ ಭಾರ ಎತ್ತಬಾರದು ಅಂತ ಪಕ್ಕದ ಬೆಡ್ಡಿನವರು ಹೇಳಿದ್ದರು, ಅದಕ್ಕೆ ನಾನು ಆ ಕೈಯಲ್ಲಿ ಹಾಲಿನ ಪಾಕೀಟು ಕೂಡ ಹಿಡಿಯುವುದಿಲ್ಲ.

ಉತ್ತರ:
ಕಂಕುಳಿನ ಗಂಟು ತೆಗೆದ ಕಡೆಯ ಕೈಗೆ ಬಾವು ಬರಬಹುದು, ಭಾರ ಎತ್ತಿದರೆ ಅದು ಹೆಚ್ಚುತ್ತದೆ ಅನ್ನುವ ಹೆದರಿಕೆಯಿಂದ ಹಿಂದೆ ಹಾಗೇ ಹೇಳುತ್ತಿದ್ದರು. ಆಮೇಲೆ ಅಧ್ಯಯನಗಳು ಬಂದವು. 2009ರಲ್ಲಿ ಬಂದ ಒಂದರಲ್ಲಿ ಆಗಲೇ ಕೈ ಬಾವು ಇದ್ದ ಹೆಂಗಸರಿಗೇ ನಿಧಾನವಾಗಿ ಭಾರ ಎತ್ತಿಸಿದರು, ಬಾವು ಹೆಚ್ಚಲಿಲ್ಲ, ಕೈಗೆ ಬಲ ಬಂತು. ಬಳಸದೆ ಬಿಟ್ಟ ಕೈ ಬಿಗಿಯುತ್ತದೆ, ಭುಜ ಮೇಲೆ ಏಳುವುದಿಲ್ಲ, ಮೇಲಿನ ಕಪಾಟಿನ ಡಬ್ಬಿ ಸಿಗುವುದಿಲ್ಲ. ಅರ್ಧ ಲೀಟರ್ ನೀರಿನ ಬಾಟಲಿಯಿಂದ ಶುರು ಮಾಡಿ, ಕೆಲವು ವಾರ ಅದರಲ್ಲೇ ಇರಿ, ಆಮೇಲೆ ಒಂದು ಕೆಜಿ. ಇದ್ದಕ್ಕಿದ್ದ ಹಾಗೆ ತುಂಬಿದ ಸಿಲಿಂಡರ್ ಎಳೆಯಬೇಡಿ. ಬಳೆ, ಉಂಗುರ ಬಿಗಿ ಅನ್ನಿಸಿತಾ, ಕೈ ಭಾರ ಅನ್ನಿಸಿತಾ, ತೋರಿಸಿ. ಎಷ್ಟು ಬೇಗ ತೋರಿಸಿದರೆ ಅಷ್ಟು ಸುಲಭವಾಗಿ ಬಾವು ಹತೋಟಿಗೆ ಬರುತ್ತದೆ. ಮೀನು ಸರಿಮಾಡುವಾಗ ಮುಳ್ಳು ಚುಚ್ಚಿದರೆ ಸೋಪಿನಲ್ಲಿ ತೊಳೆಯಿರಿ, ಕೆಂಪಾಗಿ ಜ್ವರ ಬಂದರೆ ಅದೇ ದಿನ ಡಾಕ್ಟರ ಹತ್ತಿರ.

ಪ್ರಶ್ನೆ, ಪುಣೆ ನಿಗಡಿಯಿಂದ:
ಮೇಡಂ, ನನಗೆ 59. ದೊಡ್ಡ ಕರುಳಿನ ಆಪರೇಷನ್ ಆಗಿ ಕೀಮೋ ಕೊಟ್ಟರು, ಔಷಧಿ ಹೆಸರು ಆಕ್ಸಾಲಿಪ್ಲಾಟಿನ್. ಕೀಮೋ ನಡೆಯುತ್ತಿದ್ದಾಗ ತಣ್ಣೀರು ಮುಟ್ಟಿದರೆ ಶಾಕ್ ಹೊಡೆದ ಹಾಗಾಗುತ್ತಿತ್ತು, ಅದು ಹೋಯಿತು. ಆದರೆ ಕೀಮೋ ನಿಲ್ಲಿಸಿ ಎರಡು ತಿಂಗಳಾದ ಮೇಲೆ ಪಾದ ಮೊದಲಿಗಿಂತ ಮರಗಟ್ಟಿದೆ. ನಿಲ್ಲಿಸಿದ ಮೇಲೆ ಕಡಿಮೆ ಆಗಬೇಕಲ್ಲ? ಮೊನ್ನೆ ಒಂದು ಕಾಲಿನ ಚಪ್ಪಲಿ ಕಳಚಿ ಬಿದ್ದದ್ದೇ ಗೊತ್ತಾಗಲಿಲ್ಲ, ಹಿಂದಿನವರು ಕರೆದು ಹೇಳಿದರು. ಅಂಗಿಯ ಗುಂಡಿ ಹಾಕಲು ಹೆಂಡತಿ ಬೇಕು. ಮೊದಲು ಪ್ರತಿ ಭಾನುವಾರ ಸಿಂಹಗಡ ಹತ್ತುತ್ತಿದ್ದವನು ನಾನು. ಮೆಡಿಕಲ್‌ನವರು ನರದ ಮಾತ್ರೆ ಅಂತ ಕೊಟ್ಟಿದ್ದಾರೆ, ತಗೊಳ್ಳಲೇ?

ಉತ್ತರ:
ಸರ್, ಈ ಔಷಧಿಯ ಸ್ವಭಾವವೇ ಹಾಗೆ. ನಿಲ್ಲಿಸಿದ ಮೇಲೂ ಎರಡು ಮೂರು ತಿಂಗಳು ಮರಗಟ್ಟುವುದು ಹೆಚ್ಚುತ್ತಾ ಹೋಗಬಹುದು, ಆಮೇಲೆ ಇಳಿಯಲು ಶುರುವಾಗುತ್ತದೆ. ಇದನ್ನು ಮೊದಲೇ ಹೇಳದೆ ಕಳಿಸುತ್ತಾರೆ, ಜನ ರೋಗವೇ ಮರಳಿತು ಅಂತ ಹೆದರಿ ನಿದ್ದೆಗೆಡುತ್ತಾರೆ, ನನಗೆ ಇದು ಬಹಳ ಬೇಸರದ ವಿಷಯ. ನರ ಚೇತರಿಸಿಕೊಳ್ಳುವುದು ನಿಧಾನ. ಆರು ತಿಂಗಳು, ವರ್ಷ, ಕೆಲವರಿಗೆ ಇನ್ನೂ ಜಾಸ್ತಿ. ಬಹಳ ಜನರಿಗೆ ಸುಧಾರಿಸುತ್ತದೆ, ಸ್ವಲ್ಪ ಜನರಿಗೆ ಬೆರಳ ತುದಿಯಲ್ಲಿ ಉಳಿದುಬಿಡುವುದೂ ಇದೆ.

ಮಾತ್ರೆಯ ಬಗ್ಗೆ. ಆ ಸ್ಟ್ರಿಪ್ಪಿನ ಹಿಂದೆ ಏನೇನಿದೆ ಓದಿ. ಬಿ12 ಕಡಿಮೆ ಇದ್ದರೆ ಬಿ12 ಬೇಕೇ ಬೇಕು, ಪರೀಕ್ಷೆ ಮಾಡಿಸಿ. ಅಸಿಟೈಲ್ ಎಲ್ ಕಾರ್ನಿಟೈನ್ ಅಂತ ಇದ್ದರೆ ಬೇಡ, ಕೀಮೋ ಪಡೆದವರ ಮೇಲಿನ ಅಧ್ಯಯನದಲ್ಲಿ ಅದರಿಂದ ಮರಗಟ್ಟುವುದು ಇನ್ನೂ ಹೆಚ್ಚಾಗಿತ್ತು. ಬಿ6 ಜಾಸ್ತಿ ಪ್ರಮಾಣದಲ್ಲಿ ತುಂಬಾ ದಿನ ತಗೊಂಡರೆ ಅದೇ ನರ ಕೆಡಿಸುತ್ತದೆ. ಉರಿ, ನೋವು ಇದ್ದರೆ ಡ್ಯುಲೋಕ್ಸೆಟಿನ್ ಅನ್ನುವ ಔಷಧಿ ಇದೆ, ಅದನ್ನು ಡಾಕ್ಟರೇ ಬರೆಯಬೇಕು, ಎಲ್ಲರಿಗೂ ಹೊಂದುವುದಿಲ್ಲ. ಸಕ್ಕರೆ ಕಾಯಿಲೆ ಇದ್ದರೆ ಹತೋಟಿಯಲ್ಲಿಡಿ, ಅದೂ ಪಾದದ ನರವನ್ನೇ ಹಿಡಿಯುತ್ತದೆ.

ಈಗ ನೀವು ಮಾಡಬೇಕಾದದ್ದು. ಹವಾಯಿ ಚಪ್ಪಲಿ ಬಿಡಿ. ಹಿಮ್ಮಡಿಗೆ ಪಟ್ಟಿ ಇರುವ ಸ್ಯಾಂಡಲ್ ಅಥವಾ ಬೂಟು, ಮನೆಯೊಳಗೂ. ಬೂಟಿನೊಳಗೆ ಕೈ ಹಾಕಿ ನೋಡಿ ಕಾಲು ಹಾಕಿ, ಕಲ್ಲು ಇದ್ದರೆ ನಿಮಗೆ ಗೊತ್ತಾಗುವುದಿಲ್ಲ. ರಾತ್ರಿ ಮಲಗುವ ಮುಂಚೆ ಅಂಗಾಲು ನೋಡಿ, ಕನ್ನಡಿ ಹಿಡಿದಾದರೂ. ಸ್ನಾನದ ನೀರಿನ ಬಿಸಿಯನ್ನು ಮೊಣಕೈಯಿಂದ ನೋಡಿ, ಬೆರಳನ್ನು ನಂಬಬೇಡಿ. ಗಾಡಿಯ ಬ್ರೇಕ್ ಕೈಗೋ ಪಾದಕ್ಕೋ ಸರಿಯಾಗಿ ಗೊತ್ತಾಗದೆ ಇದ್ದರೆ ಗಾಡಿ ಓಡಿಸುವುದು ಸದ್ಯ ಬೇಡ. ಕೈಗೆ ಹೆಸರುಕಾಳು, ಕಡಲೆ ಕಲಸಿ ಬೇರೆ ಮಾಡುವುದು, ಬಟ್ಟೆ ಕ್ಲಿಪ್ ಒತ್ತುವುದು, ಗುಂಡಿಯನ್ನು ಹಾಕಿ ತೆಗೆಯುವುದು, ದಿನಕ್ಕೆ ಹತ್ತು ನಿಮಿಷ. ಅಡುಗೆಮನೆಯ ಕಟ್ಟೆ ಹಿಡಿದು ಒಂದು ಕಾಲಲ್ಲಿ ಹತ್ತು ಸೆಕೆಂಡು ನಿಲ್ಲಿ, ಪಕ್ಕದಲ್ಲಿ ಯಾರಾದರೂ ಇರಲಿ. ಸಮತೋಲ ವಾಪಸ್ ಬರುವುದು ಇದರಿಂದ.

ಸಿಂಹಗಡ ಬಿಡಬೇಕಿಲ್ಲ, ಮುಂದಕ್ಕೆ ಹಾಕಿ ಅಷ್ಟೇ. ಮೊದಲು ಸಮತಟ್ಟು ನೆಲದಲ್ಲಿ ಅರ್ಧ ಗಂಟೆ ಆರಾಮಾಗಿ ನಡೆಯುವ ಹಾಗಾಗಲಿ, ಆಮೇಲೆ ಪರ್ವತಿ ಗುಡ್ಡದ ಮೆಟ್ಟಿಲು, ಕಂಬಿ ಹಿಡಿದು, ಮಳೆಗಾಲ ಬಿಟ್ಟು. ಇಳಿಯುವುದು ಹತ್ತುವುದಕ್ಕಿಂತ ಅಪಾಯ, ಮರಗಟ್ಟಿದ ಪಾದಕ್ಕೆ ಕಲ್ಲಿನ ಅಂಚು ಗೊತ್ತಾಗುವುದಿಲ್ಲ. ನಿಮಗೆ ಉತ್ಸಾಹ ಕೊಡುವ ಒಂದು ವಿಷಯ ಹೇಳುತ್ತೇನೆ. 2025ರಲ್ಲಿ ಒಂದು ದೊಡ್ಡ ಅಧ್ಯಯನದ ಫಲಿತಾಂಶ ಬಂತು. ದೊಡ್ಡ ಕರುಳಿನ ಕ್ಯಾನ್ಸರ್‌ಗೆ ಆಪರೇಷನ್, ಕೀಮೋ ಎರಡೂ ಮುಗಿಸಿದ 889 ಜನ, ಹೆಚ್ಚಿನವರು ಕೆನಡಾ, ಆಸ್ಟ್ರೇಲಿಯಾದವರು. ಅರ್ಧ ಜನರಿಗೆ ಪುಸ್ತಕ ಕೊಟ್ಟು ಕಳಿಸಿದರು, ಇನ್ನರ್ಧ ಜನರ ಬೆನ್ನುಹತ್ತಿ ಮೂರು ವರ್ಷದವರೆಗೆ ವ್ಯಾಯಾಮ ಮಾಡಿಸಿದರು. ಐದು ವರ್ಷದ ಹೊತ್ತಿಗೆ ರೋಗ ಮರಳದೆ ಇದ್ದವರು ವ್ಯಾಯಾಮದ ಗುಂಪಿನಲ್ಲಿ 100ಕ್ಕೆ ಸುಮಾರು 80, ಇನ್ನೊಂದರಲ್ಲಿ ಸುಮಾರು 74. ಅವರಲ್ಲಿ ಹೆಚ್ಚಿನವರು ಮಾಡಿದ್ದು ಬಿರುಸಾದ ನಡಿಗೆಯಂಥದ್ದೇ.

ಪ್ರಶ್ನೆ, ವಾಶಿಯಿಂದ:
ನನಗೆ 38, ಲಿಂಫೋಮಾ ಅನ್ನುವ ರಕ್ತದ ಕ್ಯಾನ್ಸರ್ ಇತ್ತು, ಕೀಮೋ ಮುಗಿದು ನಾಲ್ಕು ತಿಂಗಳು. ಫೋರ್ಟ್‌ನಲ್ಲಿ ಬ್ಯಾಂಕ್ ಕೆಲಸ, ರಜೆ ಮುಗಿಯುತ್ತಾ ಬಂತು. ನನ್ನ ಹೆದರಿಕೆ ದೇಹದ್ದಲ್ಲ, ತಲೆಯದ್ದು. ಗ್ಯಾಸ್ ಹಚ್ಚಿ ಮರೆಯುತ್ತೇನೆ, ಗೊತ್ತಿರುವ ಪದ ಬಾಯಿಗೆ ಬರುವುದಿಲ್ಲ, ಒಂದು ಪುಟ ಓದಿದರೆ ಮೇಲಿನದ್ದು ಮರೆತಿರುತ್ತದೆ. ಕೌಂಟರಿನಲ್ಲಿ ಲೆಕ್ಕ ತಪ್ಪಿದರೆ ಏನು ಗತಿ ಅಕ್ಕ?

ಉತ್ತರ:
ತಂಗಿ, ಇದೂ ಚಿಕಿತ್ಸೆಯ ಭಾಗವೇ, ಮುಚ್ಚಿಡುವಂಥದ್ದಲ್ಲ. ಕೀಮೋ ಪಡೆದ ತುಂಬಾ ಜನ ಹೀಗೆ ತಲೆ ಮಂಕಾಗಿದೆ ಅಂತ ಹೇಳುತ್ತಾರೆ, ಹೆಚ್ಚಿನವರಿಗೆ ಆರರಿಂದ ಹನ್ನೆರಡು ತಿಂಗಳಲ್ಲಿ ತಿಳಿಯಾಗುತ್ತದೆ. ನಿದ್ದೆ ಸರಿಯಿಲ್ಲದಿದ್ದರೆ, ಮನಸ್ಸು ಕುಗ್ಗಿದ್ದರೆ, ಥೈರಾಯ್ಡ್ ಏರುಪೇರಾಗಿದ್ದರೆ ಇದು ದುಪ್ಪಟ್ಟು ಕಾಣುತ್ತದೆ. ಎರಡು ವಾರಕ್ಕಿಂತ ಹೆಚ್ಚು ದಿನ ಯಾವುದರಲ್ಲೂ ಆಸಕ್ತಿ ಇಲ್ಲ, ಅಳು ಬರುತ್ತದೆ ಅಂತಿದ್ದರೆ ಅದಕ್ಕೂ ಚಿಕಿತ್ಸೆ ಇದೆ, ಡಾಕ್ಟರಿಗೆ ಹೇಳಿ. ಜೋರು ತಲೆನೋವು, ದೃಷ್ಟಿ ಮಸುಕು, ಫಿಟ್ಸ್ ಬಂದರೆ ಮಾತ್ರ ಕಾಯಬೇಡಿ.

ಕೆಲಸಕ್ಕೆ ಪೂರ್ತಿ ದಿನಕ್ಕೇ ಹೋಗಬೇಡಿ. ಡಾಕ್ಟರ ಚೀಟಿಯಲ್ಲಿ "ಮೊದಲ ತಿಂಗಳು ಅರ್ಧ ದಿನ, ನಗದು ಕೌಂಟರ್ ಬೇಡ" ಅಂತ ಬರೆಸಿಕೊಳ್ಳಿ, ಬಾಯಿಮಾತಿಗಿಂತ ಚೀಟಿಗೆ ಬೆಲೆ ಜಾಸ್ತಿ. ಒಂದು ಸಲಕ್ಕೆ ಒಂದೇ ಕೆಲಸ. ಫೋನಿನಲ್ಲಿ ಅಲಾರಂ, ಮೇಜಿನ ಮೇಲೆ ಕಾಗದ. ಗ್ಯಾಸಿನ ಹತ್ತಿರ ಟೈಮರ್ ಇಡಿ.

ರೈಲಿನ ಬಗ್ಗೆ ನೀವು ಕೇಳಲಿಲ್ಲ, ನಾನೇ ಹೇಳುತ್ತೇನೆ. ಮುಂಬಯಿ ಲೋಕಲ್‌ನಲ್ಲಿ ದಿವ್ಯಾಂಗರಿಗೆ ಮೀಸಲಾದ ಡಬ್ಬಿಯಲ್ಲಿ ಕ್ಯಾನ್ಸರ್ ರೋಗಿಗಳಿಗೂ ಹತ್ತಲು ಅವಕಾಶ ಇದೆ. ಆಸ್ಪತ್ರೆಯ ಕಾಗದದ ಜೆರಾಕ್ಸ್ ಪರ್ಸಿನಲ್ಲಿಟ್ಟುಕೊಳ್ಳಿ. ನೋಡಲು ಚೆನ್ನಾಗಿದ್ದೀರಲ್ಲ ಅಂತ ಯಾರಾದರೂ ಕೇಳಿದರೆ ಸಂಕೋಚ ಬೇಡ, ಕಾಗದ ತೋರಿಸಿ, ಕೂರಿ. ಬೆಳಗಿನ ಗರ್ದಿ ಇಳಿದ ಮೇಲೆ ಹೊರಡುವ ಹಾಗೆ ಸಮಯ ಕೇಳಿಕೊಳ್ಳಿ. ಶುರು ಮಾಡುವ ಮುಂಚೆ ಒಂದು ದಿನ ಸುಮ್ನೆ ಫೋರ್ಟ್‌ವರೆಗೆ ಹೋಗಿ ಬಂದು ನೋಡಿ, ಮಾರನೆಯ ದಿನ ಹೇಗಿದೆ ಅಂತ ಗೊತ್ತಾಗುತ್ತದೆ.

ಪ್ರಶ್ನೆ, ಮುಲುಂಡ್‌ನಿಂದ:
ಅಪ್ಪನಿಗೆ 64, ಕೊನೆಯ ಕೀಮೋ ಆಗಿ ಹತ್ತು ದಿನ. ನಮ್ಮದು ಸಣ್ಣ ಹೋಟೆಲು, ನಾಳೆಯಿಂದಲೇ ಗಲ್ಲೆಯಲ್ಲಿ ಕೂರುತ್ತೇನೆ ಅಂತ ಹಠ. ಊಟ ಸೇರುವುದಿಲ್ಲ, ಬಾಯಿ ಕಬ್ಬಿಣದ ರುಚಿ ಅಂತಾರೆ. ತೂಕ ಬಹಳ ಇಳಿದಿದೆ.

ಉತ್ತರ:
ತಮ್ಮಾ, ಕೊನೆಯ ಕೀಮೋ ಅಂದರೆ ಅದರ ಪರಿಣಾಮವೂ ಅಲ್ಲಿಗೇ ಮುಗಿಯಿತು ಅಂತಲ್ಲ. ಏಳರಿಂದ ಹದಿನಾಲ್ಕನೇ ದಿನದವರೆಗೆ ಬಿಳಿ ರಕ್ತಕಣ ಸಾಮಾನ್ಯವಾಗಿ ತೀರಾ ಕೆಳಗಿರುತ್ತದೆ. ಅಪ್ಪ ಈಗ ಸರಿಯಾಗಿ ಅದೇ ದಿನಗಳಲ್ಲಿದ್ದಾರೆ. ಜ್ವರ 100.4 ಫ್ಯಾರನ್‌ಹೀಟ್ ಮುಟ್ಟಿದರೆ ಕ್ರೋಸಿನ್ ಕೊಟ್ಟು ಬೆಳಗಾಗಲಿ ಅಂತ ಕಾಯಬೇಡ, ನಡುರಾತ್ರಿಯಾದರೂ ಆಸ್ಪತ್ರೆಗೆ ಕರೆದುಕೊಂಡು ಹೋಗು. ಮನೆಯಲ್ಲಿ ಥರ್ಮಾಮೀಟರ್ ಇಲ್ಲದಿದ್ದರೆ ಇವತ್ತೇ ತಗೋ. ಗಲ್ಲೆ ಸದ್ಯ ಬೇಡ, ರಕ್ತ ಪರೀಕ್ಷೆ ನೋಡಿ ಡಾಕ್ಟರು ಸರಿ ಅಂದ ಮೇಲೆ, ಗಿರಾಕಿ ಕಡಿಮೆ ಇರುವ ಮಧ್ಯಾಹ್ನ ಎರಡು ಗಂಟೆ ಹೊತ್ತು, ಮಾಸ್ಕ್ ಹಾಕಿಕೊಂಡು, ಒಲೆಯ ಹೊಗೆಯಿಂದ ದೂರ ಕೂರಲಿ. ಪೂರ್ತಿ ತಡೆಯಲೂ ಬೇಡ. ಗಲ್ಲೆಯೇ ಅವರ ಜೀವನ ಅಂತ ನಿನಗೆ ಗೊತ್ತು.

ರುಚಿ ಕೆಲವು ವಾರದಿಂದ ಎರಡು ಮೂರು ತಿಂಗಳಲ್ಲಿ ಮರಳುತ್ತದೆ. ಅಲ್ಲಿಯವರೆಗೆ ಸ್ಟೀಲ್ ಚಮಚ ಬಿಟ್ಟು ಮರದ್ದೋ ಪ್ಲಾಸ್ಟಿಕ್ಕಿನದ್ದೋ ಕೊಡು, ಊಟಕ್ಕೆ ಮುಂಚೆ ಉಪ್ಪು, ಅಡುಗೆ ಸೋಡಾ ಹಾಕಿದ ಉಗುರುಬೆಚ್ಚಗಿನ ನೀರಿನಲ್ಲಿ ಬಾಯಿ ಮುಕ್ಕಳಿಸಲಿ. ಬಾಯಿ ಹುಣ್ಣಿಲ್ಲದಿದ್ದರೆ ಲಿಂಬೆ ಹಿಂಡಬಹುದು. ಮೂರು ದೊಡ್ಡ ಊಟದ ಬದಲು ಆರು ಸಣ್ಣ ತಿಂಡಿ. ಬರೀ ಗಂಜಿ ಕೊಟ್ಟರೆ ಹೊಟ್ಟೆ ತುಂಬುತ್ತದೆ, ಸ್ನಾಯು ಬರುವುದಿಲ್ಲ. ಗಂಜಿಗೆ ಹೆಸರುಬೇಳೆ ಹಾಕು, ಜೊತೆಗೆ ಚೆನ್ನಾಗಿ ಬೆಂದ ಮೊಟ್ಟೆ, ಮೀನು, ಪನೀರ್, ಮನೆಯ ಮೊಸರು. ದೇಹದ ತೂಕದ ಪ್ರತಿ ಕೆಜಿಗೆ ದಿನಕ್ಕೆ ಕನಿಷ್ಠ ಒಂದು ಗ್ರಾಂ ಪ್ರೊಟೀನ್ ಬೇಕು, ಒಂದು ಮೊಟ್ಟೆಯಲ್ಲಿ ಸುಮಾರು ಆರು ಗ್ರಾಂ, ಇದರಿಂದಲೇ ಲೆಕ್ಕ ಹಾಕು. ಕಿಡ್ನಿ ತೊಂದರೆ ಇದ್ದರೆ ಡಾಕ್ಟರನ್ನು ಕೇಳಿ. ಹೊರಗೆ ಹೆಚ್ಚಿಟ್ಟ ಹಣ್ಣು, ಪಾನಿಪುರಿ, ಹಸಿ ಚಟ್ನಿ ಕೆಲವು ವಾರ ಬೇಡ.

ಗುಂಪಿನ ಒಬ್ಬರು:
ನಮ್ಮ ಊರ ಕಡೆ ಒಬ್ಬರು ಕಷಾಯ ಕೊಡುತ್ತಾರೆ, ರಕ್ತ ಶುದ್ಧಿಯಾಗಿ ಕೀಮೋ ವಿಷ ಎಲ್ಲ ಹೊರಗೆ ಹೋಗುತ್ತದಂತೆ. ಇವರಿಗೆ ಕಳಿಸಲೇ?

ಉತ್ತರ:
ನಿಮ್ಮ ಕಾಳಜಿ ಅರ್ಥವಾಗುತ್ತದೆ, ಆದರೆ ದಯವಿಟ್ಟು ಕಳಿಸಬೇಡಿ. ಕೀಮೋ ಔಷಧಿಗಳನ್ನು ಲಿವರ್, ಕಿಡ್ನಿಗಳೇ ಹೊರಗೆ ಹಾಕುತ್ತವೆ. ಈಗ ತಾನೇ ದಣಿದ ಆ ಲಿವರಿಗೆ ಒಳಗೇನಿದೆ ಅಂತ ಗೊತ್ತಿಲ್ಲದ ಕಷಾಯ ಕೊಟ್ಟರೆ ಕಾಮಾಲೆ ಬಂದ ಉದಾಹರಣೆ ನಾವು ನೋಡುತ್ತೇವೆ. ಸಾರಿಗೆ ಹಾಕುವ ಜೀರಿಗೆ, ಅರಿಶಿನ, ಶುಂಠಿ ಬೇರೆ, ಅದಕ್ಕೆ ಅಡ್ಡಿಯಿಲ್ಲ. ಮಾತ್ರೆಯಾಗಿ, ಪುಡಿಯಾಗಿ ಏನೇ ತಗೊಳ್ಳುತ್ತಿದ್ದರೂ ನಿಮ್ಮ ಡಾಕ್ಟರಿಗೆ ತೋರಿಸಿ.

ಡೊಂಬಿವಲಿ ಅಕ್ಕ:
ಮೇಡಂ, ಕೊನೆಯದು. ಕೂದಲು ಎಳೆಗೂಸಿನ ಹಾಗೆ ಸುರುಳಿ ಸುರುಳಿ ಬರುತ್ತಿದೆ, ಹೀಗೇ ಇರುತ್ತದಾ? ಮತ್ತೆ ಮುಂದಿನ ತಿಂಗಳು ಚೆಕಪ್ ಇದೆ. ಈಗಿನಿಂದಲೇ ಹೊಟ್ಟೆಯಲ್ಲಿ ತಳಮಳ. ಪೂರ್ತಿ ಸ್ಕ್ಯಾನ್ ಮಾಡಿ ಅಂತ ನಾನೇ ಕೇಳಲೇ?

ಉತ್ತರ:
ಮೊದಲ ಕೂದಲು ಬಹಳ ಜನರಿಗೆ ಸುರುಳಿಯಾಗಿಯೇ ಬರುತ್ತದೆ, ಕತ್ತರಿಸುತ್ತಾ ಹೋದ ಹಾಗೆ ಹಳೆಯ ಕೂದಲಿನಂತೆಯೇ ಆಗುವುದು ಹೆಚ್ಚು. ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರ್ ಬೆಳೆಯುತ್ತದೆ.

ಚೆಕಪ್ ಹತ್ತಿರ ಬಂದಾಗ ತಳಮಳ ಆಗದವರನ್ನು ನಾನು ಕಂಡೇ ಇಲ್ಲ, ವರ್ಷಗಟ್ಟಲೆ ಚೆನ್ನಾಗಿದ್ದವರಿಗೂ ಆಗುತ್ತದೆ. ತೊಂದರೆ ಏನೂ ಇಲ್ಲದಿದ್ದರೆ ನಿಮ್ಮಂಥವರಿಗೆ ಪ್ರತಿ ಸಲ ಪೆಟ್ ಸ್ಕ್ಯಾನ್ ಬೇಕಿಲ್ಲ. ಡಾಕ್ಟರು ಕೈಯಿಂದ ಪರೀಕ್ಷೆ ಮಾಡುವುದು, ವರ್ಷಕ್ಕೊಮ್ಮೆ ಮ್ಯಾಮೊಗ್ರಾಂ ಅಂದರೆ ಸ್ತನದ ಎಕ್ಸ್‌ರೇ, ಇದೇ ಮುಖ್ಯ. ಮೊದಲ ಮೂರು ವರ್ಷ ಸಾಮಾನ್ಯವಾಗಿ ಮೂರರಿಂದ ಆರು ತಿಂಗಳಿಗೊಮ್ಮೆ ಕರೆಯುತ್ತಾರೆ. ಹೊಸ ಗಂಟು, ಮೂಳೆಯಲ್ಲಿ ಒಂದೇ ಕಡೆ ದಿನದಿಂದ ದಿನಕ್ಕೆ ಹೆಚ್ಚುವ ನೋವು, ಬಿಡದ ಕೆಮ್ಮು ಇದ್ದರೆ ಮಾತ್ರ ಆ ತಾರೀಕಿನವರೆಗೆ ಕಾಯದೆ ಹೋಗಿ.

ಹೋಗುವಾಗ ಎರಡು ಕೆಲಸ ಮಾಡಿ. ಸುಸ್ತಿನ ಆ ನೋಟ್‌ಬುಕ್ ತಗೊಂಡು ಹೋಗಿ ಡಾಕ್ಟರ ಮುಂದಿಡಿ, ಬಾಯಲ್ಲಿ ಹೇಳಲು ಹೋದರೆ ಅಲ್ಲಿ ಎಲ್ಲ ಮರೆತುಹೋಗುತ್ತದೆ. ಇನ್ನೊಂದು, ನಿಮಗೆ ಕೊಟ್ಟ ಕೀಮೋ ಔಷಧಿಗಳ ಹೆಸರು, ಒಟ್ಟು ಪ್ರಮಾಣ, ರೇಡಿಯೇಷನ್ ಎಲ್ಲಿಗೆ ಎಷ್ಟು ಅನ್ನುವುದನ್ನು ಒಂದೇ ಹಾಳೆಯಲ್ಲಿ ಬರೆಸಿಕೊಳ್ಳಿ. ಹತ್ತು ವರ್ಷದ ಮೇಲೆ ಊರಲ್ಲಿ ಯಾವುದೋ ಡಾಕ್ಟರು ನಿಮ್ಮ ಹೃದಯ ನೋಡುವಾಗ ಆ ಕೆಂಪು ಔಷಧಿ ಎಷ್ಟು ಹೋಗಿತ್ತು ಅಂತ ಕೇಳುತ್ತಾರೆ, ಆಗ ಈ ಹಾಳೆ ಬೇಕು. ಎರಡು ಜೆರಾಕ್ಸ್ ಮಾಡಿಸಿ, ಒಂದು ಯಜಮಾನರ ಹತ್ತಿರ ಇರಲಿ.